ಕೂಸು, ಗಾಲಿ, ಹೊಸ್ತಿಲು

ಹುಣಸೂರಿನ ಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳ ಮುಂದೆ ಹೋಗುವಾಗ ಒಮ್ಮೆ ತಲೆ ಎತ್ತಿ ನೋಡಿ. ಬಿಂದಿಗೆ, ಬಕೆಟ್ಟು, ಪೊರಕೆಗಳ ಸಾಲಿನ ಮೇಲೆ ಹಗ್ಗಕ್ಕೆ ನೇತುಹಾಕಿದ ವಾಕರ್ ಒಂದು ಗಾಳಿಗೆ ನಿಧಾನವಾಗಿ ತಿರುಗುತ್ತಿರುತ್ತದೆ. ಕೆಳಗೆ ಅಗಲವಾದ ಬಳೆಯಂಥ ಚೌಕಟ್ಟು, ಅದರ ಸುತ್ತ ಆರೋ ಎಂಟೋ ಪುಟ್ಟ ಗಾಲಿ. ನಡುವೆ ಎರಡು ಕಾಲು ತೂರಿಸುವಷ್ಟು ಕಿಂಡಿಯಿರುವ ಬಟ್ಟೆಯ ಸೀಟು. ಮುಂದಿನ ತಟ್ಟೆಯಲ್ಲಿ, ಗುಂಡಿ ಒತ್ತಿದರೆ ಯಾವ ಭಾಷೆಯೆಂದು ಗೊತ್ತಾಗದ ಹಾಡು ಹೇಳುವ ಬಾತುಕೋಳಿ. ಕೊಳ್ಳುವವರು ಹೆಚ್ಚಾಗಿ ಸೋದರಮಾವಂದಿರು. ತಂಗಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದಿನವೇ ಅದು ಬೈಕಿನ ಹಿಂಬದಿಗೆ ಏರುತ್ತದೆ. ಮಗುವಿಗೆ ಇನ್ನೂ ಕತ್ತು ನಿಂತಿದ್ದರೆ ಹೆಚ್ಚು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಗುವ ನಾವೇ, ಕೂಸು ಕೂರುವ ಮುಂಚೆ ಗಾಡಿ ತರುತ್ತೇವೆ.

ತಂದದ್ದಕ್ಕೆ ಕಾರಣವೂ ಸಿದ್ಧವಿರುತ್ತದೆ. "ವಾಕರ್‌ಗೆ ಕೂರಿಸಿದ್ರೆ ಮಗ ಬೇಗ ನಡೀತದೆ ಕಣವ್ವಾ" ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ಪಿರಿಯಾಪಟ್ಟಣದಲ್ಲೂ ಇದೇ ಮಾತು, ಕೆ.ಆರ್. ನಗರದಲ್ಲೂ ಇದೇ ಮಾತು, ಎಚ್.ಡಿ. ಕೋಟೆಯ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತವರೂ ಹೇಳುವುದು ಇದನ್ನೇ. ಹೆಸರೇ ವಾಕರ್ ಎಂದಿರುವಾಗ ನಂಬದಿರುವುದು ಹೇಗೆ? ಆದರೆ ನಡೆಯುವುದು ಎಂದರೇನು, ಅದನ್ನು ಕೂಸು ಎಲ್ಲಿ ಕಲಿಯುತ್ತದೆ ಎಂದು ನೋಡಲು ಹೊರಟರೆ ಈ ಹೆಸರಿನ ಮೇಲೆ ಅನುಮಾನ ಹುಟ್ಟುತ್ತದೆ.

ಆ ಕಲಿಕೆಯ ಮೊದಲ ಪಾಠಶಾಲೆ ಬಚ್ಚಲುಮನೆ. ಎಳೆಗೂಸಿಗೆ ಎರೆಯುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಅದರ ಮೇಲೆ ಕೂಸನ್ನು ಅಂಗಾತ ಮಲಗಿಸಿ ಎಣ್ಣೆ ಹಚ್ಚುತ್ತಾಳೆ, ಆಮೇಲೆ ಬೋರಲು ಹಾಕಿ ಬೆನ್ನಿಗೆ ಹಂಡೆಯ ಬಿಸಿನೀರು ಹುಯ್ಯುತ್ತಾಳೆ. ಬೋರಲು ಬಿದ್ದ ಕೂಸು ಅಳುತ್ತಲೇ ಕತ್ತು ಎತ್ತುತ್ತದೆ. ಈ ಕತ್ತು ಎತ್ತುವ ಕೆಲಸಕ್ಕೆ ಈಗ ಪಶ್ಚಿಮದ ವೈದ್ಯರು ‘ಟಮ್ಮಿ ಟೈಮ್’ ಎಂದು ಹೆಸರಿಟ್ಟು ದಿನಾ ಮಾಡಿಸಿ ಎನ್ನುತ್ತಿದ್ದಾರೆ. ಹಾಸಿಗೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ತಗ್ಗಿಸಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದಿತು. ಅದು ಸರಿಯಾದ ಸಲಹೆ, ಎಷ್ಟೋ ಜೀವ ಉಳಿಯಿತು. ಆದರೆ ರಾತ್ರಿಯಿಡೀ ಅಂಗಾತ ಮಲಗುವ ಮಗುವಿಗೆ ಹಗಲಲ್ಲಾದರೂ ಹೊಟ್ಟೆಯ ಮೇಲೆ ಒಂದಿಷ್ಟು ಹೊತ್ತು ಬೇಕು ಎಂಬುದು ಆಮೇಲೆ ಮನದಟ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ದಿನಕ್ಕೆ ಕನಿಷ್ಠ 30 ನಿಮಿಷ, ಅದೂ ಮಗು ಎಚ್ಚರವಾಗಿರುವಾಗ. ಎರೆಯುವ ಅಜ್ಜಿಯ ಕಾಲಮೇಲೆ ಅದರಲ್ಲೊಂದು ಪಾಲು ಸಲ್ಲುತ್ತಿತ್ತು. ಹಾಗೆಂದು ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಅದೇ ಬಚ್ಚಲಲ್ಲಿ ಕೂಸಿನ ಮೂಗಿಗೆ ಎಣ್ಣೆ ಊದುವವರೂ ಇದ್ದರು.

ಅದೇ ಅಜ್ಜಿ ಇನ್ನೊಂದನ್ನೂ ನೋಡಿರುತ್ತಾಳೆ. ಹಸುಗೂಸಿನ ಕಂಕುಳು ಹಿಡಿದೆತ್ತಿ ಅಂಗಾಲು ನೆಲಕ್ಕೆ ತಾಗಿಸಿದರೆ ಅದು ಟಕಟಕ ಹೆಜ್ಜೆ ಹಾಕುತ್ತದೆ. ಎರಡು ತಿಂಗಳ ಹೊತ್ತಿಗೆ ಆ ಹೆಜ್ಜೆ ಮಾಯ. ಮೆದುಳು ಬೆಳೆದಂತೆ ಈ ಹುಟ್ಟುಗುಣ ಅಳಿಸಿಹೋಗುತ್ತದೆ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಅಮೆರಿಕದ ಎಸ್ತರ್ ಥೇಲನ್ 1980ರ ದಶಕದಲ್ಲಿ ಒಂದು ಸರಳ ಕೆಲಸ ಮಾಡಿದರು. ಹೆಜ್ಜೆ ಮರೆತ ಕೂಸುಗಳನ್ನು ಎದೆಮಟ್ಟ ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಎತ್ತಿ ಹಿಡಿದರು. ಹೆಜ್ಜೆ ಮರಳಿ ಬಂತು! ಮಗು ಮರೆತಿರಲಿಲ್ಲ, ತೊಡೆಗೆ ತುಂಬಿಕೊಂಡ ಕೊಬ್ಬಿನ ತೂಕ ಎತ್ತುವಷ್ಟು ಬಲ ಕಾಲಿಗೆ ಇನ್ನೂ ಬಂದಿರಲಿಲ್ಲ ಅಷ್ಟೇ. ನೀರು ಆ ತೂಕವನ್ನು ಹೊತ್ತುಕೊಂಡಿತು. ನಡಿಗೆ ಎಂದರೆ ಕಾಲು ಆಡಿಸುವುದಲ್ಲ, ತನ್ನ ತೂಕವನ್ನು ತಾನೇ ಹೊರುವುದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕತ್ತು ನಿಲ್ಲುವುದರಿಂದ ತಪ್ಪು ಹೆಜ್ಜೆಯವರೆಗಿನ ದಾರಿಗೆ ನಮ್ಮ ಭಾಷೆಯಲ್ಲಿ ಒಂದೊಂದು ಮೆಟ್ಟಿಲಿಗೂ ಮಾತಿದೆ: ಬೋರಲಾಗುವುದು, ತೆವಳುವುದು, ದೇಕುವುದು, ಅಂಬೆಗಾಲಿಡುವುದು, ಗೋಡೆ ಹಿಡಿದು ನಿಲ್ಲುವುದು. ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ಮನೆಗಳು ಈಗಲೂ ಇವೆ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಂತೂ ಅಂಬೆಗಾಲಿಟ್ಟ ಕೃಷ್ಣನಿಗೇ ಪೂಜೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಒಪ್ಪಿಸುತ್ತಾರೆ. ಈ ಮೆಟ್ಟಿಲುಗಳನ್ನು ಯಾವ ವಯಸ್ಸಿಗೆ ಏರಬೇಕು ಎಂಬುದರ ಬಗ್ಗೆ ಮನೆಮನೆಯಲ್ಲೂ ಆತಂಕ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ 816 ಮಕ್ಕಳನ್ನು ಮೇಲಿಂದ ಮೇಲೆ ನೋಡಿ 2006ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ಕಡೆಯಿಂದ ದೆಹಲಿಯ ಮಕ್ಕಳು ಅದರಲ್ಲಿದ್ದರು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5ರೊಳಗೆ, ಆಸರೆಯಿಲ್ಲದ ನಡಿಗೆ 8.2ರಿಂದ 17.6 ತಿಂಗಳೊಳಗೆ. ಅಂದರೆ ಒಂದೇ ಬೀದಿಯ ಎರಡು ಆರೋಗ್ಯವಂತ ಮಕ್ಕಳ ನಡುವೆ ಒಂಬತ್ತು ತಿಂಗಳ ಅಂತರ ಇರಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನೇರ ನಡೆದವು. ಎದುರುಮನೆ ಮಗು ಹತ್ತು ತಿಂಗಳಿಗೆ ನಡೆಯಿತು ಎಂಬ ಒಂದೇ ಕಾರಣಕ್ಕೆ ವಾಕರ್ ಅಂಗಡಿಗೆ ಓಡುವವರು ಈ ಸಂಖ್ಯೆಗಳನ್ನು ಒಮ್ಮೆ ನೋಡಬೇಕು.

ಈಗ ಏಳು ತಿಂಗಳ ಕೂಸನ್ನು ವಾಕರಿಗೆ ಇಳಿಸಿ. ತೂಕ ಹೊರುವುದು ಸೀಟಿನ ಬಟ್ಟೆ. ಕಾಲು ಜೋತುಬಿದ್ದು ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಮಗು ತುದಿಗಾಲಲ್ಲಿ ಹಿಂದಕ್ಕೆ ಒದೆಯುತ್ತದೆ, ಗಾಡಿ ಸರ್ರನೆ ಮುಂದಕ್ಕೆ. ಹಿಮ್ಮಡಿ ಊರಿ, ಸೊಂಟ ಬಳುಕಿಸಿ, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವೇ ಇಲ್ಲ. ಓಲಿದರೆ ಚೌಕಟ್ಟು ಹಿಡಿಯುತ್ತದೆ. ಮುಂದಿನ ಬಾತುಕೋಳಿಯ ತಟ್ಟೆ ಅಡ್ಡ ಬಂದು ತನ್ನ ಕಾಲು ತನಗೇ ಕಾಣುವುದಿಲ್ಲ. ಥೇಲನ್ ಅವರ ನೀರಿನ ತೊಟ್ಟಿಗೆ ಗಾಲಿ ಕಟ್ಟಿದ ಹಾಗೆ. ಒದೆಯುವುದನ್ನು ಮಗು ಚೆನ್ನಾಗಿ ಕಲಿಯುತ್ತದೆ. ನಡೆಯುವುದು ಬೇರೆ.

ಮತ್ತೆ, ಬೀಳುವುದಿಲ್ಲ. ಇದನ್ನು ಲಾಭವೆಂದುಕೊಳ್ಳುತ್ತೇವೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ತಂಡ ಆಗತಾನೆ ನಡೆಯಲು ಕಲಿತ, 12ರಿಂದ 19 ತಿಂಗಳ ಮಕ್ಕಳ ಆಟವನ್ನು ಚಿತ್ರೀಕರಿಸಿ ಹೆಜ್ಜೆ ಎಣಿಸಿತು. 2012ರಲ್ಲಿ ಪ್ರಕಟವಾದ ಎಣಿಕೆ ಇದು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳು. ಯಾವ ಸಂಗೀತ ವಿದ್ವಾಂಸನೂ ಇಷ್ಟು ಸಾಧಕ ಮಾಡಿರಲಾರ. ಇದೇ ತಂಡ ಮಕ್ಕಳನ್ನು ಇಳಿಜಾರು ಹಲಗೆಗಳ ಮೇಲೆ ಬಿಟ್ಟು ನೋಡಿದ್ದು ಇನ್ನೂ ಸ್ವಾರಸ್ಯ. ವಾರಗಟ್ಟಲೆ ಅಂಬೆಗಾಲಿಟ್ಟ ಮಗು ಕಡಿದಾದ ಇಳಿಜಾರಿನ ಅಂಚಿಗೆ ಬಂದು ನಿಲ್ಲುತ್ತದೆ, ಕೈಯಿಂದ ತಡವಿ ನೋಡುತ್ತದೆ, ಹಿಂದೆ ಸರಿಯುತ್ತದೆ. ಅದೇ ಮಗು ನಡೆಯಲು ಶುರು ಮಾಡಿದ ವಾರ ಅದೇ ಇಳಿಜಾರಿಗೆ ನೇರ ಕಾಲಿಟ್ಟು ಉರುಳುತ್ತದೆ (ಹಿಡಿಯಲು ಪಕ್ಕದಲ್ಲಿ ಆಳು ಇರುತ್ತಿದ್ದರು). ಅಂಬೆಗಾಲಿನಲ್ಲಿ ಕಲಿತ ಜಾಗ್ರತೆ ನಡಿಗೆಗೆ ವರ್ಗವಾಗುವುದಿಲ್ಲ. ಪ್ರತಿಯೊಂದು ಭಂಗಿಯಲ್ಲೂ ತನ್ನ ಅಳತೆಯನ್ನು ಮಗು ಹೊಸದಾಗಿ ಕಲಿಯಬೇಕು, ಕಲಿಕೆಯ ಸಾಮಗ್ರಿ ಬೀಳುವುದೇ.

ಹಾಗಾದರೆ ವಾಕರಿನಲ್ಲಿ ಬೆಳೆದ ಮಕ್ಕಳು ತಡವಾಗಿ ನಡೆಯುತ್ತವೆಯೇ? ಇಲ್ಲಿ ನಾನು ಧ್ವನಿ ತಗ್ಗಿಸಬೇಕು. ಡಬ್ಲಿನ್ ನಗರದ 190 ಮಕ್ಕಳ ಮೇಲಿನ ಒಂದು ಅಧ್ಯಯನ 2002ರಲ್ಲಿ ಬಂತು. ವಾಕರಿನಲ್ಲಿ ಕಳೆದ ಪ್ರತಿ 24 ಗಂಟೆಗೆ, ಒಂಟಿಯಾಗಿ ನಡೆಯುವುದು 3.3 ದಿನ ತಡವಾಗಿತ್ತು. ಲೆಕ್ಕ ಹಾಕಿ: ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು ಕೂರಿಸಿದರೆ ಎಂಟು ದಿನದ ತಡ. ಎಂಟು ದಿನ ಯಾರ ಗಮನಕ್ಕೂ ಬರುವುದಿಲ್ಲ. ಅಮೆರಿಕದ ಸೀಗೆಲ್ ಮತ್ತು ಬರ್ಟನ್ 1999ರಲ್ಲಿ 109 ಮಕ್ಕಳನ್ನು ಪರೀಕ್ಷಿಸಿದಾಗ, ಕಾಲು ಕಾಣಿಸದ ತಟ್ಟೆಯ ವಾಕರ್ ಬಳಸಿದವರು ಕೂರುವುದರಲ್ಲಿ, ಅಂಬೆಗಾಲಿನಲ್ಲಿ, ನಡಿಗೆಯಲ್ಲಿ ಹಿಂದಿದ್ದರು. ಅದಕ್ಕೂ ಮೊದಲು, 1982ರಲ್ಲಿ, ಅವಳಿ ಮಕ್ಕಳಲ್ಲಿ ಒಬ್ಬರನ್ನು ವಾಕರಿಗೆ ಹಾಕಿ ಇನ್ನೊಬ್ಬರನ್ನು ಬಿಟ್ಟು ಮಾಡಿದ ಪರೀಕ್ಷೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ನಡೆದಿದ್ದರು. ಹೀಗಾಗಿ ‘ವಾಕರಿನಿಂದ ಕಾಲು ಸೊಟ್ಟಗಾಗುತ್ತದೆ’ ಎಂದು ಹೆದರಿಸುವವರ ಮಾತಿಗೆ ಗಟ್ಟಿ ಆಧಾರವಿಲ್ಲ. ಆದರೆ ಬೇಗ ನಡೆಯುತ್ತದೆ ಎಂಬ ಮಾತಿಗೆ ಈ ಮೂರರಲ್ಲಿ ಯಾವುದೂ ಸಾಕ್ಷಿ ಹೇಳಲಿಲ್ಲ. ಅಂಗಡಿಯವನು ಮಾರಿದ ಭರವಸೆ ಮಾತ್ರ ಸುಳ್ಳಾಯಿತು.

ಮನುಷ್ಯ ಜಾತಿಯ ಮಕ್ಕಳನ್ನು ಒಟ್ಟಾಗಿ ನೋಡಿದರೆ ಈ ಎಂಟು ದಿನ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಕೀನ್ಯಾದ ಕಿಪ್ಸಿಗಿಸ್ ತಾಯಂದಿರು ಮಕ್ಕಳಿಗೆ ಕೂರುವುದನ್ನೂ ನಡೆಯುವುದನ್ನೂ ಕೂರಿಸಿ ನಿಲ್ಲಿಸಿ ಕಲಿಸುತ್ತಿದ್ದರು, ಅವು ಬೇಗ ನಡೆಯುತ್ತಿದ್ದವು. ಪರಾಗ್ವೆಯ ಕಾಡಿನ ‘ಆಚೆ’ ಎಂಬ ಬುಡಕಟ್ಟಿನ ಜನ ಹಾವು ಹುಳುವಿನ ಭಯಕ್ಕೆ ಮಕ್ಕಳನ್ನು ನೆಲಕ್ಕೇ ಬಿಡುತ್ತಿರಲಿಲ್ಲ, ಅವು ಎರಡು ವರ್ಷದ ಆಸುಪಾಸಿಗೆ ನಡೆಯುತ್ತಿದ್ದವು, ಬೆಳೆದ ಮೇಲೆ ಮರ ಹತ್ತುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ನೆಲಕ್ಕೆ ಬಿಡುವುದೋ ಬೇಡವೋ ಎಂಬುದು ಎಲ್ಲ ಕಡೆಯೂ ನೆಲ ಹೇಗಿದೆ ಎಂಬುದರ ಮೇಲೆ ನಿಂತ ತೀರ್ಮಾನ.

ನೆಲದ ಮಾತಿಗೆ ಬಂದೆವಲ್ಲ, ಅಲ್ಲೇ ನಿಜವಾದ ಅಪಾಯ ಇರುವುದು.

ಹುಣಸೂರು ಸುತ್ತಲಿನ ಈ ನಾಲ್ಕು ತಾಲ್ಲೂಕಿನ ಹಳೆಯ ಮನೆಗಳ ನೆಲ ಸಗಣಿ ಸಾರಿಸಿದ್ದು, ಇಲ್ಲವೇ ಕಲ್ಲುಚಪ್ಪಡಿ. ಬಾಗಿಲಿಗೊಂದು ಎತ್ತರದ ಹೊಸ್ತಿಲು. ಆ ನೆಲದಲ್ಲಿ ವಾಕರಿನ ಪುಟ್ಟ ಗಾಲಿ ಓಡುವುದೇ ಇಲ್ಲ. ಕಳೆದ ಕೆಲವು ದಶಕಗಳಲ್ಲಿ ರೆಡ್ ಆಕ್ಸೈಡ್ ಬಂತು, ಆಮೇಲೆ ಟೈಲ್ಸ್ ಬಂತು, ಒಳಬಾಗಿಲುಗಳ ಹೊಸ್ತಿಲು ಹೋಯಿತು. ತಂಬಾಕಿನ ದುಡ್ಡಲ್ಲಿ ಕಟ್ಟಿದ ತಾರಸಿ ಮನೆಗೆ ಒಳಗಿನಿಂದಲೇ ಮೆಟ್ಟಿಲು ಬಂತು. ಗಾಲಿಗೆ ಬೇಕಾದ ರಸ್ತೆ ಮನೆಯೊಳಗೇ ಸಿದ್ಧವಾದ ಮೇಲೆ ವಾಕರ್ ಬಂತು. ಮುಂಬಾಗಿಲಲ್ಲಿ ಮಾತ್ರ ಇನ್ನೂ ಜಗುಲಿ ಇದೆ, ಜಗುಲಿಗೆ ಎರಡು ಮೂರು ಮೆಟ್ಟಿಲು. ಉಳಿದಿರುವ ತೊಟ್ಟಿ ಮನೆಗಳಲ್ಲಿ ನಡುಮನೆಯಿಂದ ತೊಟ್ಟಿಗೆ ಒಂದೂವರೆ ಅಡಿ ಇಳಿತ.

ವಾಕರಿನಲ್ಲಿರುವ ಮಗು ಸೆಕೆಂಡಿಗೆ ಮೂರು ಅಡಿಗೂ ಹೆಚ್ಚು ದೂರ ಹೋಗಬಲ್ಲದು. ಹನ್ನೆರಡು ಅಡಿಯ ಹಜಾರ ದಾಟಲು ನಾಲ್ಕು ಸೆಕೆಂಡು. ಒಲೆಯ ಮೇಲಿನ ಮುದ್ದೆಯ ಕೋಲು ಬಿಟ್ಟು ತಾಯಿ ತಿರುಗಿ ನೋಡುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ‘ಕಣ್ಣಿಟ್ಟಿದ್ದರೆ ಸಾಕು’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಂಥ ಅಪಘಾತಗಳಲ್ಲಿ ಹೆಚ್ಚಿನವು ಯಾರೋ ಒಬ್ಬರು ಪಕ್ಕದಲ್ಲಿ ಇದ್ದಾಗಲೇ ಆದವು. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ, 15 ತಿಂಗಳೊಳಗಿನ ಮಕ್ಕಳ ಅಂದಾಜು ಸಂಖ್ಯೆ 2,30,676. ನೂರರಲ್ಲಿ ತೊಂಬತ್ತು ಮಂದಿಗೆ ತಲೆ ಇಲ್ಲವೇ ಕತ್ತಿಗೆ ಪೆಟ್ಟು. ನೂರರಲ್ಲಿ ಎಪ್ಪತ್ನಾಲ್ಕು ಮಂದಿ ಬಿದ್ದದ್ದು ಮೆಟ್ಟಿಲಿನಿಂದ. ಅಲ್ಲಿನ ತಯಾರಕರು ಅಂಚಿಗೆ ಬಂದರೆ ನಿಲ್ಲುವ ಹಾಗೆ ತಳಕ್ಕೆ ರಬ್ಬರ್ ಪಟ್ಟಿ ಅಂಟಿಸಿದ, ಇಲ್ಲವೇ ಚೌಕಟ್ಟನ್ನು ಬಾಗಿಲಿಗಿಂತ ಅಗಲ ಮಾಡಿದ ಮೇಲೆ ವರ್ಷಕ್ಕೆ 20,650 ಇದ್ದ ಗಾಯಾಳುಗಳು 2003ರ ಹೊತ್ತಿಗೆ 3,201ಕ್ಕೆ ಇಳಿದರು. ಇಳಿದರೂ ಅಲ್ಲಿನ ಮಕ್ಕಳ ವೈದ್ಯರಿಗೆ ಸಮಾಧಾನವಿಲ್ಲ, ಗಾಲಿಯ ವಾಕರ್ ತಯಾರಿಸುವುದನ್ನೇ ನಿಲ್ಲಿಸಿ ಎಂದು 2001ರಿಂದ ಕೇಳುತ್ತಲೇ ಇದ್ದಾರೆ. ಕೆನಡಾ 2004ರ ಏಪ್ರಿಲ್ 7ರಂದು ಪೂರಾ ನಿಷೇಧಿಸಿತು. ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ, ಹಳೆಯದನ್ನು ಮನೆಮುಂದೆ ಇಟ್ಟು ಮಾರಿದರೂ ತಪ್ಪು. ಟೊರಾಂಟೊದ ಕನ್ನಡ ಸೊಸೆಯೊಬ್ಬಳು ಮೈಸೂರಿನ ಅತ್ತೆ ಪ್ರೀತಿಯಿಂದ ಕಟ್ಟಿದ ಸಾಮಾನಿನಲ್ಲಿ ವಾಕರ್ ಕಂಡು ಬೆಚ್ಚಿದರೆ ಅದಕ್ಕೆ ಕಾರಣವಿದೆ.

ಆ ಅಂಕಿಗಳು ಅಮೆರಿಕದ ಮರದ ಮೆಟ್ಟಿಲಿನವು. ನಮ್ಮ ಮನೆಗಳಲ್ಲಿ ಮೆಟ್ಟಿಲಿನ ಜೊತೆಗೆ ಇನ್ನೂ ಹಲವಿವೆ. ನೆಲದ ಮೇಲೆ ಎಟುಕದಷ್ಟು ಎತ್ತರಕ್ಕೂ ವಾಕರಿನಲ್ಲಿ ಕೂಸಿನ ಕೈ ಎಟುಕುತ್ತದೆ. ಸ್ಟೂಲಿನ ಮೇಲಿನ ಕಾಫಿ ಲೋಟ, ಇಸ್ತ್ರಿಪೆಟ್ಟಿಗೆಯ ವೈರು, ಬಚ್ಚಲಿನ ಹಂಡೆಯ ಒಲೆ, ಕೆಳಗಿಟ್ಟು ಬಸಿಯುತ್ತಿರುವ ಅನ್ನದ ಗಂಜಿ. ಇದರ ಮೇಲೆ ನಮ್ಮ ಸೀಮೆಯದೇ ಆದ ಒಂದು ಸಂಗತಿ, ಹೊಗೆಸೊಪ್ಪು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮಳೆಯಾಶ್ರಿತ ಕೆಂಪುಮಣ್ಣಿನಲ್ಲಿ ವರ್ಜೀನಿಯಾ ತಂಬಾಕು ದೊಡ್ಡ ಬೆಳೆ. ಮುಂಗಾರಿಗೆ ನೆಟ್ಟ ಸಸಿ ಆಗಸ್ಟ್ ಹೊತ್ತಿಗೆ ಸೊಪ್ಪು ಮುರಿಯಲು ಬರುತ್ತದೆ. ಮುರಿದದ್ದನ್ನು ಅಂದೇ ಕಡ್ಡಿಗೆ ಕಟ್ಟಿ, ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸಬೇಕು. ಆಮೇಲೆ ಸುಮಾರು ವಾರ ಹಗಲುರಾತ್ರಿ ಬೆಂಕಿ ಆರದಂತೆ ಸೌದೆ ಒಟ್ಟಬೇಕು, ಕೊನೆಯ ಹಂತದಲ್ಲಿ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮನೆಯ ಎಲ್ಲರ ಎರಡೂ ಕೈ ಸೊಪ್ಪಿನ ಮೇಲೆ. ಮಗು ಜಗುಲಿಯಲ್ಲಿ, ಅಂಗಳದಲ್ಲಿ, ಬ್ಯಾರನ್ ಚಾವಡಿಯಲ್ಲಿ. ಹಸಿ ತಂಬಾಕಿನ ಎಲೆ ಒದ್ದೆಯಾಗಿದ್ದಾಗ ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ದೊಡ್ಡವರಿಗೇ ತಲೆಸುತ್ತು, ವಾಂತಿ ಬರಿಸುತ್ತದೆ. ಎಂಟು ತಿಂಗಳ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟೇ ತಿಳಿಯುವ ಪ್ರಾಣಿ. ಅದಕ್ಕೆ ಗಾಲಿ ಕೊಟ್ಟು ಆ ಅಂಗಳಕ್ಕೆ ಬಿಡುವುದು ಎಂದರೇನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ತಾಯಿಯನ್ನು ಬೈದು ಮುಗಿಸುವ ಲೇಖನಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ವಾಕರ್ ಕೊಳ್ಳುವುದು ಮಗುವಿನ ಕಾಲಿಗಾಗಿ ಎಂದು ಬಾಯಲ್ಲಿ ಹೇಳಿದರೂ, ಕೊಳ್ಳುವುದು ದೊಡ್ಡವರ ಕೈಗಾಗಿ. ಅರ್ಧ ಗಂಟೆ ಎರಡು ಕೈ ಬಿಡುವಾಗುತ್ತದೆ, ಅಷ್ಟರಲ್ಲಿ ಅಡುಗೆ ಆಗುತ್ತದೆ. ಈ ಸಮಸ್ಯೆ ಹೊಸದಲ್ಲ. ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟಿದ್ದಳು. ಕೂಸು ಒರಳನ್ನೇ ಎಳೆದುಕೊಂಡು ಅಂಬೆಗಾಲಿಟ್ಟು ಎರಡು ಮತ್ತಿಮರ ಉರುಳಿಸಿತು. ಪುರಾಣ ಬಿಟ್ಟು ಬಂದರೆ, ಹೊಲದ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿ ಇದೇ ಕೆಲಸಕ್ಕೆ. ಕಂಬಕ್ಕೆ ಸೊಂಟದ ದಾರ ಕಟ್ಟಿ ಕೂರಿಸಿದವರೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ವಾಕರ್ ಎಂದರೆ ಎಂಟು ವರ್ಷದ ಅಕ್ಕ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಶಾಲೆ ಬಿಟ್ಟದ್ದನ್ನು ಯಾರೂ ಲೆಕ್ಕ ಇಡಲಿಲ್ಲ. (ಕಂಕುಳಲ್ಲಿ ಕಾಲಗಲಿಸಿ ಕೂರಿಸಿಕೊಳ್ಳುವುದು ಎಳೆಯ ಸೊಂಟದ ಕೀಲಿಗೆ ಒಳ್ಳೆಯ ಭಂಗಿ. ಕಾಲು ಜೋಡಿಸಿ ಬಿಗಿಯಾಗಿ ಸುತ್ತುವುದು ಕೆಟ್ಟದ್ದು. ಜಪಾನ್ 1975ರ ಸುಮಾರಿಗೆ ಹಾಗೆ ಸುತ್ತುವುದನ್ನು ಬಿಡಿಸಲು ದೊಡ್ಡ ಪ್ರಚಾರ ಮಾಡಿ ಕೀಲು ತಪ್ಪುವ ಮಕ್ಕಳ ಸಂಖ್ಯೆಯನ್ನು ಇಳಿಸಿತು. ಅಕ್ಕನ ಶಾಲೆಯ ಪ್ರಶ್ನೆಗೆ ಇದು ಉತ್ತರವಲ್ಲ.)

ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಮೊದಲ ಪ್ರಯೋಗ ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, ನೂರು ಅಂಗನವಾಡಿಗಳೊಂದಿಗೆ. ಅಲ್ಲಿ ಕೂತು ಆಡುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವಕ್ಕೆ ಮನೆಗೆ ಆಹಾರದ ಪೊಟ್ಟಣ ಬರುತ್ತದೆ, ನೋಡಿಕೊಳ್ಳುವ ಕೈ ಬರುವುದಿಲ್ಲ. ಏಳು ತಿಂಗಳಿಂದ ಮೂರು ವರ್ಷದವರೆಗಿನ ಈ ಬಿರುಕೇ ವಾಕರ್ ಮಾರಾಟವಾಗುವ ಜಾಗ. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಈ ಬಿರುಕಿಗೇ ಮಣ್ಣು ಮೆತ್ತುವ ಕೆಲಸ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಹುಟ್ಟಿದ್ದು ಅದು. ಮಕ್ಕಳ ನಡಿಗೆಯ ಬಗ್ಗೆ ಬರೆಯುವವರು ಸ್ನಾಯು, ಕೀಲುಗಳ ಬಗ್ಗೆ ಬರೆದಷ್ಟೇ ಇದರ ಬಗ್ಗೆಯೂ ಬರೆಯಬೇಕು ಎಂಬುದು ನನ್ನ ಹಟ.

ಆಕ್ಟಿವಿಟಿ ಸೆಂಟರ್ ಎಂಬುದು ಈಗ ಮೈಸೂರಿನ ದೊಡ್ಡ ಅಂಗಡಿಗಳಿಂದ ತಾಲ್ಲೂಕಿಗೂ ಇಳಿಯುತ್ತಿದೆ. ವಾಕರಿನದೇ ದಾಯಾದಿ, ಗಾಲಿ ಮಾತ್ರ ಇಲ್ಲ. ಮಗು ನಡುವೆ ಕೂತು ಗಿರಕಿ ಹೊಡೆಯುತ್ತದೆ, ಸುತ್ತ ಗಿಲಕಿ, ಕನ್ನಡಿ, ಮಣಿ. ಮೆಟ್ಟಿಲಿಗೆ ಓಡಲಾರದು ಎಂಬ ಒಂದೇ ಕಾರಣಕ್ಕೆ ವಾಕರಿಗಿಂತ ಎಷ್ಟೋ ಮೇಲು, ಅಮೆರಿಕದ ಮಕ್ಕಳ ವೈದ್ಯರೂ ವಾಕರಿನ ಬದಲಿಗೆ ಇದನ್ನು ಒಪ್ಪುತ್ತಾರೆ. ಆದರೆ ಕಾಲಿಗೆ ಅದು ಕಲಿಸುವುದು ವಾಕರ್ ಕಲಿಸುವಷ್ಟೇ. ಕೆನಡಾದ 43 ಮಕ್ಕಳನ್ನು ನೋಡಿದ 2001ರ ಒಂದು ಅಧ್ಯಯನದಲ್ಲಿ, ಇಂಥ ಸಲಕರಣೆಗಳಲ್ಲಿ ಹೆಚ್ಚು ಹೊತ್ತು ಕಳೆದ ಎಂಟು ತಿಂಗಳ ಮಕ್ಕಳು ಮೈಯ ಚಲನೆಯಲ್ಲಿ ಹಿಂದಿದ್ದವು. 43 ಎಂಬುದು ಚಿಕ್ಕ ಸಂಖ್ಯೆ, ಯಾವುದು ಕಾರಣ ಯಾವುದು ಫಲ ಎಂದೂ ಅದು ಹೇಳುವುದಿಲ್ಲ. ಆದರೂ ತರ್ಕ ಸರಳ: ಅಲ್ಲಿ ಕಳೆದ ಗಂಟೆ ನೆಲದಿಂದ ಕಳೆದ ಗಂಟೆ. ಸೀಟಾಗಲಿ, ಗಾಡಿಯಾಗಲಿ, ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹದಿನೈದು ಇಪ್ಪತ್ತು ನಿಮಿಷ, ಅಡುಗೆಯ ಹೊತ್ತಿಗೆ, ಯಾರದ್ದೂ ತಕರಾರಿಲ್ಲ.

ಚುಂಚನಕಟ್ಟೆಯಂಥ ಜಾತ್ರೆಗಳ ಆಟಿಕೆ ಅಂಗಡಿಯಲ್ಲಿ ಸಿಗುವ ಮೂರು ಗಾಲಿಯ ಮರದ ತಳ್ಳುಗಾಡಿಯ ಮಾತೇ ಬೇರೆ. ಮಗು ಅದರ ಒಳಗಿಲ್ಲ, ಹಿಂದಿದೆ. ತನ್ನ ತೂಕ ತನ್ನ ಕಾಲಿನ ಮೇಲೆ, ಕಣ್ಣಿಗೆ ಪಾದ ಕಾಣುತ್ತದೆ, ತಪ್ಪಿದರೆ ಕುಂಡಿಯ ಮೇಲೆ ಕೂರುತ್ತದೆ. ಎದ್ದು ನಿಲ್ಲಲು ಬಾರದ ಮಗು ಅದನ್ನು ಬಳಸಲಾರದು, ಇದೇ ಅದರ ದೊಡ್ಡ ಗುಣ. ಸಿದ್ಧವಾಗುವ ಮುಂಚೆ ಓಡಿಸಲು ಅದು ಬಿಡುವುದಿಲ್ಲ. ಐನೂರು ವರ್ಷದ ಹಿಂದೆ ಡಚ್ ಚಿತ್ರಕಾರ ಹಿಯರೋನಿಮಸ್ ಬಾಷ್ ಬರೆದ, ಈಗ ವಿಯೆನ್ನಾದಲ್ಲಿರುವ ಚಿತ್ರವೊಂದರಲ್ಲಿ ಎಳೆಯ ಏಸು ಇಂಥದೇ ಮರದ ಚೌಕಟ್ಟು ತಳ್ಳುತ್ತಿದ್ದಾನೆ. ಆದರೆ ಅದಕ್ಕೂ ಹಿಂದೆ, 1440ರ ಸುಮಾರಿನ ಡಚ್ ಪ್ರಾರ್ಥನಾ ಪುಸ್ತಕವೊಂದರಲ್ಲಿ ಅದೇ ಏಸು ಗಾಲಿಯ ಚೌಕಟ್ಟಿನ ಒಳಗೇ ನಿಂತಿದ್ದಾನೆ, ಪಕ್ಕದಲ್ಲಿ ಮರಿಯಮ್ಮ ಮಗ್ಗದ ಮುಂದೆ, ಜೋಸೆಫ್ ಮರಗೆಲಸದಲ್ಲಿ. ಇಬ್ಬರ ಕೈಗೂ ಕೆಲಸ. ಚಿತ್ರ ನೋಡಿದರೆ ನಮ್ಮ ಬ್ಯಾರನ್ ಚಾವಡಿಯೇ ನೆನಪಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ನೇರವಾಗಿ ಹೇಳಿಬಿಡುತ್ತೇನೆ. ಒಂಬತ್ತು ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಹದಿನೆಂಟಾದರೂ ನಡೆಯದ, ಕಾಲು ಕತ್ತರಿಯಂತೆ ಬಿಗಿಯುವ, ಒಂದು ಕೈಯನ್ನು ಮಾತ್ರ ಬಳಸುವ ಮಗುವಿಗೆ ಮನೆಯವರು ಮೊದಲು ಕೊಡಿಸುವುದು ವಾಕರ್. ಬಿಗಿದ ಕಾಲಿನ ಮಗುವೂ ಅದರಲ್ಲಿ ಒದ್ದು ಮುಂದೆ ಹೋಗುತ್ತದೆ. ಓಹೋ ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಚಿಕಿತ್ಸೆಗೆ ಬೆಲೆಬಾಳುವ ತಿಂಗಳುಗಳು ಕಳೆದುಹೋಗುತ್ತವೆ. 2018ರಲ್ಲಿ ಶುರುವಾದ ಕಾರ್ಯಕ್ರಮದಂತೆ ಆಶಾ ಕಾರ್ಯಕರ್ತೆ ಮಗುವಿನ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೆ ಬರಬೇಕು. ಬಂದಾಗ ತಾಯಿ ಕಾರ್ಡ್ ತೆಗೆದು ಮುಂದಿಡಿ, ಮಗುವನ್ನು ವಾಕರಿನಿಂದ ಇಳಿಸಿ ನೆಲದ ಮೇಲೆ ತೋರಿಸಿ. ಅನುಮಾನವಿದ್ದರೆ ತಾಲ್ಲೂಕು ಆಸ್ಪತ್ರೆ, ಬೇಕಾದರೆ ಅಲ್ಲಿಂದ ಮೈಸೂರಿನ ಚೆಲುವಾಂಬ.

ಪಿರಿಯಾಪಟ್ಟಣದ ಕಡೆಯ ನಮ್ಮ ನೆಂಟರ ಮನೆಯೊಂದರಲ್ಲಿ ಕಳೆದ ವರ್ಷ ಇದೇ ಚರ್ಚೆ ನಡೆಯಿತು. ಸೋದರಮಾವ ತಂದ ವಾಕರ್, ಬಿಸಾಡಿದರೆ ಅವನಿಗೆ ಬೇಜಾರು. ಕೂರಿಸಿದರೆ ಜಗುಲಿಯ ಮೆಟ್ಟಿಲ ಭಯ. ನಾನು ಡಬ್ಲಿನ್, ಕೆನಡಾ ಎಂದು ಏನೇನೋ ಹೇಳುತ್ತಿದ್ದೆ. ಮನೆಯ ಅಜ್ಜ ಮಾತಾಡಲಿಲ್ಲ. ಟ್ರಾಕ್ಟರಿನ ಸಾಮಾನು ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು ವಾಕರನ್ನು ಮಗುಚಿ ಹಾಕಿ ಆರೂ ಗಾಲಿ ಬಿಚ್ಚಿದರು. "ಈಗ ಕೂರ್ಸವ್ವಾ, ಅನ್ನ ಆಗೋಗಂಟ" ಎಂದರು. ಸೊಸೆ ಕೂರಿಸಲು ನೋಡಿದಳು. ಮಗು ಕಾಲು ಸೆಟೆಸಿ ಒಲ್ಲೆ ಎಂದಿತು. ಕೆಳಗೆ ಬಿಟ್ಟಳು. ಬಿಚ್ಚಿದ ಗಾಲಿಗಳಲ್ಲೊಂದು ಟೈಲ್ಸಿನ ಮೇಲೆ ಉರುಳುತ್ತಾ ಹೊರಟಿತ್ತು, ಮಗು ಅದರ ಹಿಂದೆ ಅಂಬೆಗಾಲಲ್ಲಿ.